ಮಾಸ್ಕ್ ಹಾಕಿಕೊಂಡೇ ನಗುಮುಖ ಕಾಣಿಸುವುದು ಹೇಗೆ? ಕೌಂಟರಿನಲ್ಲಿ ಕೂರುವವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ನೋಂದಣಿ ಕೌಂಟರಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊದಲ ವಾರವೇ ಕಣ್ಣೊರೆಸಿಕೊಳ್ಳುತ್ತಾ ನನ್ನ ಬಳಿ ಬಂದಳು. ಬೆಳ್ತಂಗಡಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಅಜ್ಜಿಯೊಬ್ಬರು ಅವಳನ್ನು, ‘ಮಗಳೇ, ನಾನು ಏನು ತಪ್ಪು ಮಾಡಿದೆನೆಂದು ಹಾಗೆ ನೋಡುತ್ತೀ?’ ಎಂದು ಕೇಳಿದ್ದರಂತೆ. ‘ನಾನು ನಗುತ್ತಲೇ ಇದ್ದೆ, ಅಕ್ಕ’ ಎಂದಳು. ಅವಳು ಹೇಳಿದ್ದು ನಿಜ. ಮಾಸ್ಕಿನ ಒಳಗೆ ತುಟಿ ನಗುತ್ತಿತ್ತು. ಅಜ್ಜಿಗೆ ಕಂಡದ್ದು ಮಾತ್ರ ಕಂಪ್ಯೂಟರ್ ಪರದೆಯ ಕಡೆಗೆ ಗಂಟಿಕ್ಕಿದ ಹುಬ್ಬು.

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನೋಂದಣಿ, ಔಷಧ, ರಕ್ತಪರೀಕ್ಷೆ ಈ ಮೂರು ಕೌಂಟರುಗಳ ಹೊಸಬರಿಗೆ ಕೆಲಸ ಕಲಿಸುವುದು ನನ್ನ ಹೊಣೆ. ಬಂದವರೆಲ್ಲ ಎಡವುವುದು ಇದೇ ಜಾಗದಲ್ಲಿ. ಮೊದಲು ನಗುತ್ತಾರೆ, ಆಮೇಲೆ ಮಾತನಾಡುತ್ತಾರೆ, ಕೊನೆಗೆ ಪುರುಸೊತ್ತಾದರೆ ಎದುರಿನವರನ್ನು ನೋಡುತ್ತಾರೆ. ಬರಿಮುಖದಲ್ಲಿ ಈ ಕ್ರಮ ಹೇಗೋ ನಡೆದುಹೋಗುತ್ತದೆ. ಮಾಸ್ಕ್ ಹಾಕಿದ ಮೇಲೆ ಅದನ್ನು ತಿರುಗಿಸಬೇಕು: ಮೊದಲು ಎದುರಿನವರ ಕಡೆ ತಿರುಗಿ ನೋಡುವುದು, ಆಮೇಲೆ ಕಣ್ಣಿನ ನಗು, ಅದಾದ ಮೇಲೆ ಮಾತು. ಕೆಳಗಿನ ಹಂತಗಳೆಲ್ಲ ಈ ಕ್ರಮವನ್ನು ಮೈಗೂಡಿಸಿಕೊಳ್ಳುವುದಕ್ಕಾಗಿಯೇ ಇವೆ. ಹಲ್ಲಿನ ಕ್ಲಿನಿಕ್ಕಿನಲ್ಲಿ, ಸಿಹಿತಿಂಡಿ ಅಂಗಡಿಯಲ್ಲಿ, ಬೇಕರಿಯಲ್ಲಿ ಮಾಸ್ಕ್ ಹಾಕಿಕೊಂಡು ಗಿರಾಕಿಗಳ ಎದುರು ನಿಲ್ಲುವವರಿಗೂ ಇದೇ ಕ್ರಮ ಸಾಕು.

ಬೇಕಾಗುವ ಸಾಮಾನು

ಒಂದು ಕೈಗನ್ನಡಿ, ಹಿಂದಿನ ಮತ್ತು ಮುಂದಿನ ಎರಡೂ ಕ್ಯಾಮೆರಾ ಇರುವ ಮೊಬೈಲ್, ದಿನಕ್ಕೆ ಎರಡು ಅಥವಾ ಮೂರು ಮಾಸ್ಕ್, ದಪ್ಪ ಅಕ್ಷರ ಬರುವ ಮಾರ್ಕರ್ ಪೆನ್ನು, ಬರೆದು ತೋರಿಸಲು ಬಿಳಿ ಹಾಳೆಯ ಪುಸ್ತಕ. ಇವುಗಳ ಜೊತೆಗೆ ನಿಮಗೆ ಮುಖದ ಮೇಲೆ ಸತ್ಯ ಹೇಳುವ ಒಬ್ಬ ಸಹೋದ್ಯೋಗಿ ಬೇಕು. ಅಭ್ಯಾಸಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ಎರಡು ವಾರ ಬಿಡದೆ ಮಾಡಬೇಕು.

ಇನ್ನೊಂದು ವಸ್ತು ಇದ್ದರೆ ಬಹಳ ಒಳ್ಳೆಯದು: ಮಾಸ್ಕ್ ಇಲ್ಲದೆ ನಗುತ್ತಿರುವ ನಿಮ್ಮ ಭಾವಚಿತ್ರ. ಎಬೋಲಾ ಹರಡಿದ್ದ ಕಾಲದಲ್ಲಿ ಲೈಬೀರಿಯಾದ ಚಿಕಿತ್ಸಾ ಕೇಂದ್ರಗಳಲ್ಲಿ, ಅಡಿಯಿಂದ ಮುಡಿಯವರೆಗೆ ಕವಚ ತೊಟ್ಟ ಸಿಬ್ಬಂದಿ ತಮ್ಮ ನಗುಮುಖದ ಚಿತ್ರವನ್ನು ಎದೆಯ ಮೇಲೆ ಅಂಟಿಸಿಕೊಂಡಿದ್ದರು. ಗುರುತಿನ ಚೀಟಿಯಲ್ಲಿರುವ ಅಂಚೆಚೀಟಿ ಗಾತ್ರದ, ಬಿಗಿದ ಮುಖದ ಫೋಟೊ ಈ ಕೆಲಸ ಮಾಡುವುದಿಲ್ಲ. ಅಂಗೈಯಗಲದ ಚಿತ್ರ ಬೇಕು. ಅದು ಎದೆಯ ಮಟ್ಟದಲ್ಲಿ, ಹಿಂದುಮುಂದಾಗಿ ತಿರುಗದಂತೆ ಪಿನ್ನು ಹಾಕಿ ನಿಂತಿರಬೇಕು.

ಹಂತ 1: ಮೊದಲು ಮಾಸ್ಕನ್ನು ಸರಿಪಡಿಸಿ

ಮುಖಭಾವದ ಅಭ್ಯಾಸಕ್ಕೆ ಕೂರುವ ಮೊದಲು ಮಾಸ್ಕಿನ ಮೇಲಂಚು ಎಲ್ಲಿ ನಿಂತಿದೆ ಎಂದು ನೋಡಿ. ಹೆಚ್ಚಿನವರು ಅದನ್ನು ಕೆಳರೆಪ್ಪೆಗೆ ತಾಗುವಷ್ಟು ಮೇಲಕ್ಕೆ ಎಳೆದುಕೊಂಡಿರುತ್ತಾರೆ. ನಗುವಾಗ ಕೆನ್ನೆ ಉಬ್ಬಿ ಕೆಳರೆಪ್ಪೆ ಮೇಲೇಳುವುದು ಕಾಣಬೇಕಾದ ಜಾಗವೇ ಅದು. ಅಂಚು ಮೂಗಿನ ಎಲುಬಿನ ಮೇಲೆ ಕೂತು, ಕಣ್ಣಿನ ಕೆಳಗೆ ಒಂದು ಬೆರಳಿನಷ್ಟು ಚರ್ಮ ಕಾಣುವಂತಿರಲಿ. ಕೆಳಗಂಚು ಗಲ್ಲವನ್ನು ಪೂರ್ತಿ ಮುಚ್ಚಲಿ. ಮೂರು ಪದರದ ಮಾಸ್ಕ್ ಆದರೆ ಬಣ್ಣದ ಭಾಗ ಹೊರಗೆ, ನೆರಿಗೆಗಳು ಕೆಳಮುಖ, ತಂತಿ ಇರುವ ಅಂಚು ಮೇಲೆ. ತಂತಿಯನ್ನು ಎರಡೂ ಕೈಯ ಬೆರಳುಗಳಿಂದ ಮೂಗಿನ ಎರಡು ಬದಿಗೆ ಒಟ್ಟಿಗೇ ಒತ್ತಿ. ಒಂದೇ ಕೈಯಿಂದ ಚಿವುಟಿದರೆ ನಡುವೆ ಗೂಡಿನಂತಾಗಿ ಉಸಿರು ಮೇಲಕ್ಕೆ ನುಗ್ಗುತ್ತದೆ, ಕನ್ನಡಕ ಮಂಜಾಗುತ್ತದೆ. ಮಂಜು ಹಿಡಿದ ಕನ್ನಡಕದ ಹಿಂದೆ ಎಂಥ ನಗುವೂ ವ್ಯರ್ಥ. ಕನ್ನಡಕವನ್ನು ಮಾಸ್ಕಿನ ಅಂಚಿನ ಮೇಲೆ ಕೂರಿಸಿದರೆ ಮಂಜು ಬಹುಪಾಲು ನಿಲ್ಲುತ್ತದೆ.

ನಮ್ಮ ಕರಾವಳಿಯ ಸೆಕೆಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಹಾಕಿದ ಮಾಸ್ಕ್ ಹನ್ನೊಂದರ ಹೊತ್ತಿಗೆ ಒದ್ದೆಯಾಗಿರುತ್ತದೆ. ಒದ್ದೆ ಬಟ್ಟೆ ಉಸಿರೆಳೆದಾಗ ಬಾಯಿಗೆ ಅಂಟುತ್ತದೆ, ಮಾತು ಮುದ್ದೆಯಾಗುತ್ತದೆ. ಹಾಕಿಕೊಂಡವರಿಗೆ ಗೊತ್ತಿಲ್ಲದಂತೆ ಹುಬ್ಬು ಬಿಗಿಯುತ್ತದೆ. ಒದ್ದೆಯಾದ ಮಾಸ್ಕ್ ರಕ್ಷಣೆಯನ್ನೂ ಸರಿಯಾಗಿ ಕೊಡುವುದಿಲ್ಲ. ಆದ್ದರಿಂದ ಚಹಾದ ವಿರಾಮದಲ್ಲಿ ಒಮ್ಮೆ, ಊಟದ ಬಳಿಕ ಒಮ್ಮೆ ಬದಲಿಸಿ.

ನಗುವ ಬಾಯಿಯ ಚಿತ್ರ ಮುದ್ರಿಸಿದ ಮಾಸ್ಕ್ ಬೇಡ. ಔಷಧದ ಬಿಲ್ಲು ನೋಡಿ ಕಂಗಾಲಾದವರ ಎದುರಿಗೂ ಆ ಬಾಯಿ ನಗುತ್ತಲೇ ಇರುತ್ತದೆ.

ಹಂತ 2: ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ

ಬೆನ್ನ ಹಿಂದೆ ಕಿಟಕಿ ಇದ್ದರೆ ನಿಮ್ಮ ಮುಖ ಬರಿಯ ನೆರಳಾಗಿ ಕಾಣುತ್ತದೆ. ಸಹೋದ್ಯೋಗಿಯನ್ನು ನಿಮ್ಮ ಜಾಗದಲ್ಲಿ ಕೂರಿಸಿ, ನೀವು ಸರದಿಯಲ್ಲಿ ನಿಂತು ನೋಡಿ. ಗಾಜಿನ ತಡೆ ಇದ್ದರೆ ಟ್ಯೂಬ್‌ಲೈಟಿನ ಪ್ರತಿಬಿಂಬ ಸರಿಯಾಗಿ ಕಣ್ಣಿನ ಮಟ್ಟದಲ್ಲಿ ಬೀಳುತ್ತಿರಬಹುದು. ಕುರ್ಚಿಯನ್ನು ಗೇಣಿನಷ್ಟು ಪಕ್ಕಕ್ಕೆ ಸರಿಸಿದರೆ ಇದು ಹೆಚ್ಚಾಗಿ ಸರಿಹೋಗುತ್ತದೆ. ಹಣೆಯ ಮೇಲೆ ಬಿದ್ದ ಕೂದಲನ್ನು, ಹುಬ್ಬಿನವರೆಗೆ ಇಳಿದ ಟೋಪಿಯನ್ನು ಹಿಂದಕ್ಕೆ ಸರಿಸಿ. ಹುಬ್ಬು ಮುಚ್ಚಿಹೋದರೆ ಮುಂದಿನ ಎರಡು ಹಂತಗಳಿಂದ ಉಪಯೋಗವಿಲ್ಲ.

ಹಂತ 3: ಕಣ್ಣಿನಿಂದ ನಗುವುದು

ಎಲ್ಲರೂ ತಪ್ಪುವುದು ಇಲ್ಲಿಯೇ, ಹಾಗಾಗಿ ನಿಧಾನವಾಗಿ ಓದಿ.

ಸಂತೋಷಕ್ಕೆ ನಾವು ‘ಕಣ್ಣರಳಿಸಿದ’ ಎನ್ನುತ್ತೇವೆ. ಈ ಮಾತನ್ನು ನಂಬಿ ಹೊಸಬರು ಮಾಸ್ಕಿನ ಮೇಲೆ ಕಣ್ಣನ್ನು ಅಗಲಿಸುತ್ತಾರೆ. ಬಾಯಿ ಕಾಣುತ್ತಿದ್ದರೆ ಅರಳಿದ ಕಣ್ಣು ಆನಂದವಾಗಿ ಕಾಣುತ್ತದೆ. ಬಾಯಿ ಮುಚ್ಚಿದರೆ ಅದೇ ಕಣ್ಣು ಗಾಬರಿ ಅಥವಾ ಸಿಟ್ಟಾಗುತ್ತದೆ. ಮಕ್ಕಳನ್ನು ಹೆದರಿಸಲು ‘ಕಣ್ಣು ಬಿಡುವುದು’ ಎನ್ನುತ್ತೇವಲ್ಲ, ನೋಡುವವರಿಗೆ ಕಾಣುವುದು ಅದು. ನಿಜವಾದ ನಗುವಿನಲ್ಲಿ ಕಣ್ಣು ಕಿರಿದಾಗುತ್ತದೆ. ಕಣ್ಣಿನ ಸುತ್ತ ಉಂಗುರದಂತಿರುವ ಸ್ನಾಯು ಬಿಗಿದು ಕೆಳರೆಪ್ಪೆ ಸ್ವಲ್ಪ ಮೇಲೇಳುತ್ತದೆ, ಕಣ್ಣಿನ ಹೊರಕೊನೆಯಲ್ಲಿ ಸಣ್ಣ ಗೆರೆಗಳು ಮೂಡುತ್ತವೆ. ಕೆನ್ನೆ ಉಬ್ಬಿ ಮಾಸ್ಕಿನ ಮೇಲಂಚು ಒಂದು ಕೂದಲೆಳೆಯಷ್ಟು ಮೇಲಕ್ಕೆ ಸರಿಯುತ್ತದೆ. ಈ ಮೂರು ಗುರುತುಗಳನ್ನು ಕನ್ನಡಿಯಲ್ಲಿ ಹುಡುಕಬೇಕು.

ಮೊದಲ ಮೂರು ದಿನ ಮಾಸ್ಕ್ ಇಲ್ಲದೆ ಅಭ್ಯಾಸ ಮಾಡಿ. ಕನ್ನಡಿ ಹಿಡಿದು ಮುಖದ ಕೆಳಭಾಗವನ್ನು ಒಂದು ಕಾಗದದಿಂದ ಮುಚ್ಚಿಕೊಳ್ಳಿ. ತುಟಿ ಮಾತ್ರ ಅಗಲಿಸಿ. ಕಣ್ಣಿನಲ್ಲಿ ಏನೂ ಬದಲಾಗಲಿಲ್ಲ, ಅಲ್ಲವೇ? ಇಷ್ಟು ದಿನ ನೀವು ಕೊಡುತ್ತಿದ್ದ ನಗು ಇದು. ಈಗ ಕೆನ್ನೆಯನ್ನು ಕಣ್ಣಿನ ಕಡೆಗೆ ಎತ್ತಿ. ಕೆಳರೆಪ್ಪೆ ತಾನಾಗಿ ಮೇಲೇಳುತ್ತದೆ. ಬಾರದಿದ್ದರೆ ಕಣ್ಣು ಮುಚ್ಚಿ ನಿಮಗೆ ಬೇಕಾದವರ ಮುಖವನ್ನು ನೆನೆಯಿರಿ. ಎಷ್ಟೋ ದಿನದ ಮೇಲೆ ಊರಿಗೆ ಹೋದಾಗ ಚಾವಡಿಯಿಂದ ಎದ್ದು ಬರುವ ಅಜ್ಜ, ಶಾಲೆಯಿಂದ ಓಡಿ ಬರುವ ಮಗು, ಯಾರಾದರೂ ಸರಿ. ಆ ನೆನಪಿನಲ್ಲೇ ಕಣ್ಣು ತೆರೆದು ಕನ್ನಡಿ ನೋಡಿ. ಈಗ ಕಣ್ಣಿನ ಸುತ್ತ ಏನಾಗಿದೆಯೋ ಅದನ್ನು ಗುರುತಿಟ್ಟುಕೊಂಡು, ನೆನಪಿಲ್ಲದೆಯೂ ಅಲ್ಲಿಗೆ ತಲುಪಲು ಯತ್ನಿಸಿ. ಒಂದು ಸಲಕ್ಕೆ ಹತ್ತು ಬಾರಿ, ಪ್ರತಿ ಬಾರಿ ಎರಡು ಸೆಕೆಂಡು ಹಿಡಿದು ಬಿಡಿ.

ನಾಲ್ಕನೆಯ ದಿನದಿಂದ ಮಾಸ್ಕ್ ಹಾಕಿ ಇದನ್ನೇ ಮಾಡಿ, ಮೊಬೈಲಿನಲ್ಲಿ ಚಿತ್ರೀಕರಿಸಿ. ಕನ್ನಡಿಯಲ್ಲಿ ನಮ್ಮ ಮುಖವನ್ನು ನಾವೇ ಉದಾರವಾಗಿ ನೋಡಿಕೊಳ್ಳುತ್ತೇವೆ, ಆದರೆ ಮರುದಿನ ದನಿ ಮುಚ್ಚಿ ವಿಡಿಯೊ ನೋಡಿದರೆ ನಿಜ ಕಾಣುತ್ತದೆ. ಕೈಯಳತೆಯ ದೂರದಿಂದ ತೆಗೆದರೆ ಸಾಲದು. ಮೊಬೈಲನ್ನು ಎರಡು ಮಾರು ದೂರದ ಮೇಜಿನ ಮೇಲೆ ಒರಗಿಸಿ. ಸರದಿಯಲ್ಲಿ ಎರಡನೆಯವರಾಗಿ ನಿಂತವರಿಗೆ ನೀವು ಕಾಣುವುದು ಅಷ್ಟು ದೂರದಿಂದ.

ನಗು ಬರುವುದಷ್ಟೇ ಅಲ್ಲ, ಹೋಗುವುದೂ ಮುಖ್ಯ. ಸ್ವಿಚ್ ಆರಿಸಿದಂತೆ ಕಣ್ಣು ತಟ್ಟನೆ ಸಪ್ಪೆಯಾದರೆ ಹಿಂದಿನ ನಗು ನಾಟಕವಾಗಿ ಕಾಣುತ್ತದೆ. ಎದುರಿನವರು ತಿರುಗಿ ಎರಡು ಹೆಜ್ಜೆ ಇಡುವವರೆಗೆ ಅದು ನಿಧಾನವಾಗಿ ಇಳಿಯಲಿ.

ದಿಟ್ಟಿಸಿ ನೋಡುವುದು ಬೇಡ. ಮಾಸ್ಕಿನ ಮೇಲೆ ಕಣ್ಣೊಂದೇ ಉಳಿದಿರುವುದರಿಂದ ನೋಟದ ಭಾರ ಹೆಚ್ಚು. ಮೂರು ನಾಲ್ಕು ಸೆಕೆಂಡು ನೋಡಿ, ಚೀಟಿಯ ಕಡೆ ಕಣ್ಣು ಇಳಿಸಿ, ಮತ್ತೆ ನೋಡಿ. ಹಳ್ಳಿಯ ಕಡೆಯ ಹಿರಿಯರಿಗೆ, ಒಬ್ಬರೇ ಬಂದ ಹೆಣ್ಣುಮಕ್ಕಳಿಗೆ ನೇರ ನೋಟ ಮುಜುಗರ ತರುವುದುಂಟು. ಅಂಥವರಿಗೆ ಹುಬ್ಬುಗಳ ನಡುವಿನ ಜಾಗ ನೋಡಿದರೆ ಸಾಕು.

ಹಂತ 4: ಹುಬ್ಬು ಮತ್ತು ತಲೆ

ಕೌಂಟರಿನಲ್ಲಿ ಕೂತವರ ಮೇಲೆ ಬರುವ ‘ಸಿಡುಕು ಮೋರೆ’ ಎಂಬ ದೂರುಗಳಲ್ಲಿ ಹೆಚ್ಚಿನವು ಸಿಡುಕಿನಿಂದ ಹುಟ್ಟಿದ್ದಲ್ಲ, ಓದುವುದರಿಂದ ಹುಟ್ಟಿದ್ದು. ವೈದ್ಯರ ಅಕ್ಷರ ಬಿಡಿಸುವಾಗ, ಪರದೆಯಲ್ಲಿ ಹೆಸರು ಹುಡುಕುವಾಗ ಯಾರಿಗಾದರೂ ಹುಬ್ಬು ಗಂಟಾಗುತ್ತದೆ. ಬಾಯಿ ಕಾಣದಾಗ ಆ ಗಂಟು ಎದುರಿನವರ ಮೇಲಿನ ಅಸಹನೆಯಂತೆ ತೋರುತ್ತದೆ. ಇದಕ್ಕೆ ಮುಖದಿಂದ ಮದ್ದಿಲ್ಲ, ಮಾತೇ ಬೇಕು. ಕಣ್ಣು ಕೆಳಗಿಳಿಸುವ ಮೊದಲೇ ‘ಒಂದು ನಿಮಿಷ, ಚೀಟಿ ಓದುತ್ತಿದ್ದೇನೆ’ ಎನ್ನಿ. ಓದಿ ಮುಗಿದ ಮೇಲೆ ತಲೆ ಎತ್ತಿ ಹುಬ್ಬನ್ನು ಕ್ಷಣಮಾತ್ರ ಮೇಲಕ್ಕೆತ್ತಿ ಇಳಿಸಿ. ರಥಬೀದಿಯಲ್ಲಿ ಪರಿಚಯದವರು ಎದುರಾದಾಗ ಗೊತ್ತಿಲ್ಲದೆಯೇ ನಾವು ಮಾಡುವುದು ಇದನ್ನೇ. ಎತ್ತಿದ ಹುಬ್ಬು ಅಲ್ಲೇ ನಿಂತರೆ ಪ್ರಶ್ನೆಯೋ ಅನುಮಾನವೋ ಆಗಿಬಿಡುತ್ತದೆ.

ಕೇಳಿಸಿಕೊಳ್ಳುವಾಗ ತಲೆಯನ್ನು ಸ್ವಲ್ಪ ಒಂದು ಬದಿಗೆ ವಾಲಿಸಿ, ನಿಧಾನವಾಗಿ ಆಡಿಸಿ. ಪಟಪಟನೆ ತಲೆಯಾಡಿಸಿದರೆ ‘ಬೇಗ ಮುಗಿಸಿ’ ಎಂದಂತಾಗುತ್ತದೆ. ಹೌದು ಎನ್ನಲು ನಾವು ತಲೆಯನ್ನು ಮೇಲೆ ಕೆಳಗೆ ಆಡಿಸುವುದೂ ಉಂಟು, ಅತ್ತಿತ್ತ ತೂಗುವುದೂ ಉಂಟು. ಬರಿಮುಖದಲ್ಲಿ ತುಟಿಯೇ ಅರ್ಥ ಹೇಳುತ್ತದೆ. ಮಾಸ್ಕಿನಲ್ಲಿ ತೂಗುವ ತಲೆ ಹೌದೋ ಅಲ್ಲವೋ ತಿಳಿಯುವುದಿಲ್ಲ. ಸ್ಪಷ್ಟವಾಗಿ ಮೇಲೆ ಕೆಳಗೆ ಆಡಿಸಿ, ಜೊತೆಗೆ ‘ಹೌದು’ ಎಂಬ ಮಾತೂ ಇರಲಿ.

ಹಂತ 5: ಕೈ, ಭುಜ, ನಿಲುವು

ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಕ್ಕಿಹಿಟ್ಟು, ಸುಣ್ಣದಿಂದ ಇಟ್ಟ ಚಿಟ್ಟಿಗಳು, ಅಂದರೆ ಮುಳ್ಳಿನಂಥ ಚುಕ್ಕೆಗಳು, ಮುಖದ ತುಂಬ ಎದ್ದ ಮೇಲೆ ಕೆನ್ನೆ ತುಟಿಗಳ ಸಣ್ಣ ಚಲನೆ ಸಭೆಗೆ ಕಾಣುವುದಿಲ್ಲ. ಕಣ್ಣು, ಕತ್ತು, ಭುಜ, ಹೆಜ್ಜೆಗಳೇ ಪಾತ್ರವನ್ನು ಹೊರುತ್ತವೆ. ನಾವು ಅಷ್ಟು ದೊಡ್ಡದಾಗಿ ಆಡಬೇಕಿಲ್ಲ. ಮುಚ್ಚಿದ ಮುಖದ ಕೆಲಸವನ್ನು ಮೈ ವಹಿಸಿಕೊಳ್ಳಬೇಕು, ಅಷ್ಟೇ.

ಯಾರಾದರೂ ಕಿಟಕಿಯ ಬಳಿ ಬಂದರೆ ಕತ್ತನ್ನಷ್ಟೇ ತಿರುಗಿಸಬೇಡಿ, ಭುಜವೂ ತಿರುಗಲಿ. ಹಿರಿಯರಿಗೆ ಕೈಮುಗಿದು ತಲೆಯನ್ನು ಒಂದಿಷ್ಟು ಬಾಗಿಸಿ. ಕೈಮುಗಿಯಲು ಪುರುಸೊತ್ತಿಲ್ಲದಿದ್ದರೆ ಬಲಗೈಯನ್ನು ಎದೆಯ ಮೇಲೆ ಇಟ್ಟರೂ ಅದೇ ಅರ್ಥ ಬರುತ್ತದೆ. ದಾರಿ ತೋರಿಸುವಾಗ ತೋರುಬೆರಳು ಬೇಡ, ಇಡೀ ಅಂಗೈ ತೆರೆದು ತೋರಿಸಿ. ‘ಸ್ವಲ್ಪ ಕಾಯಿರಿ’ ಎನ್ನಲು ಪೊಲೀಸರಂತೆ ಅಂಗೈ ಎದುರಿಗೆ ಚಾಚುವವರನ್ನು ದಿನವೂ ನೋಡುತ್ತೇನೆ. ಅಂಗೈ ಮೇಲ್ಮುಖವಾಗಿ ಕುರ್ಚಿಯ ಕಡೆ ತೋರಿಸಿ. ಅದು ಕರೆದು ಕೂರಿಸಿದಂತೆ ಇರುತ್ತದೆ. ಕೈಕಟ್ಟಿ ಕೂರುವುದು, ಗಲ್ಲಕ್ಕೆ ಕೈ ಕೊಡುವುದು, ಮಾತಿನ ನಡುವೆ ಮೊಬೈಲ್ ನೋಡುವುದು, ಇವು ಮಾಸ್ಕಿನಲ್ಲಿ ಇಮ್ಮಡಿಯಾಗಿ ನೋಯಿಸುತ್ತವೆ.

ಹಂತ 6: ದನಿ

ಕಣ್ಣಿನಷ್ಟೇ ಶ್ರಮ ದನಿಗೂ ಬೇಕು. ಸಾಮಾನ್ಯ ಶಸ್ತ್ರಚಿಕಿತ್ಸಾ ಮಾಸ್ಕ್ ಮಾತಿನ ತೀಕ್ಷ್ಣ ಭಾಗವನ್ನು, ಅಂದರೆ 2000 ಹರ್ಟ್ಜ್‌ಗಿಂತ ಮೇಲಿನ ಕಂಪನಗಳನ್ನು, 3ರಿಂದ 4 ಡೆಸಿಬೆಲ್‌ನಷ್ಟು ತಗ್ಗಿಸುತ್ತದೆ. ಎನ್-95 ಆದರೆ ಅದು 12 ಡೆಸಿಬೆಲ್ ಹತ್ತಿರಕ್ಕೂ ಹೋಗುತ್ತದೆ. ಸ, ಶ, ಚ, ತ, ಟ ಇವುಗಳ ಮೊನೆ ಇರುವುದು ಆ ಭಾಗದಲ್ಲಿ. ಹಾಗಾಗಿ ಕೂಗಿದರೆ ಸ್ವರ ದೊಡ್ಡದಾಗುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ಕೂಗು ಕೇಳಿದವರಿಗೆ ಗದರಿದಂತೆ ಅನಿಸುತ್ತದೆ. ಮಾಡಬೇಕಾದದ್ದು ಇಷ್ಟು: ದನಿಯನ್ನು ಒಂದು ಮೆಟ್ಟಿಲು ಮಾತ್ರ ಏರಿಸಿ, ವೇಗವನ್ನು ಕಾಲುಭಾಗ ಇಳಿಸಿ, ಮಾಸ್ಕಿನೊಳಗೆ ತುಟಿಯನ್ನು ಪೂರ್ತಿ ಆಡಿಸಿ. ತುಟಿ ಕಾಣುವುದಿಲ್ಲವೆಂದು ಆಡಿಸುವುದನ್ನೇ ಬಿಟ್ಟರೆ ವ್ಯಂಜನಗಳು ಸತ್ತುಹೋಗುತ್ತವೆ.

ಇನ್ನು ಕನ್ನಡದ ಸ್ವಭಾವದಿಂದಲೇ ಬರುವ ಒಂದು ತೊಡಕು ಇದೆ, ಅದನ್ನು ಯಾರೂ ಕಲಿಸುವುದಿಲ್ಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬೇಕು, ಬೇಡ, ಇದೆ, ಇಲ್ಲ, ಬಾರದು, ಎಲ್ಲವೂ ಕೊನೆಗೇ. ಉಸಿರು ಮುಗಿದು ದನಿ ಇಳಿಯುವ ಜಾಗವೂ ಅದೇ. ‘ಈ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು’ ಎಂಬ ವಾಕ್ಯದ ‘ಬಾರದು’ ಮಾಸ್ಕಿನಲ್ಲಿ ಕರಗಿಹೋದರೆ ಕೇಳಿದವರು ‘ತೆಗೆದುಕೊಳ್ಳಬೇಕು’ ಎಂದು ತಿಳಿದು ಮನೆಗೆ ಹೋಗುತ್ತಾರೆ. ಹೀಗೆ ಆಗುವುದನ್ನು ನಾನು ನಮ್ಮ ಕೌಂಟರಿನಲ್ಲೇ ಕಂಡಿದ್ದೇನೆ. ಬಾಗಿಲು ದಾಟುವ ಮೊದಲು ಇನ್ನೊಮ್ಮೆ ಕೇಳಿದ್ದರಿಂದ ತಪ್ಪು ಅಲ್ಲಿಗೇ ನಿಂತಿತು. ಆದ್ದರಿಂದ ನಿಷೇಧವನ್ನು ಮೊದಲಿಗೆ ತನ್ನಿ: ‘ಬರಿಹೊಟ್ಟೆಯಲ್ಲಿ ಬೇಡ. ಊಟ ಆದ ಮೇಲೆ ಈ ಮಾತ್ರೆ.’ ವಾಕ್ಯ ಚಿಕ್ಕದಾಗಲಿ, ಕೊನೆಯ ಪದ ಮೊದಲ ಪದದಷ್ಟೇ ಗಟ್ಟಿಯಾಗಿರಲಿ.

ಸಂಖ್ಯೆಗಳಲ್ಲೂ ಹೀಗೆಯೇ. ‘ಎಪ್ಪತ್ತು’ ಮತ್ತು ‘ಎಂಬತ್ತು’ ಎರಡನ್ನೂ ಬೇರೆ ಮಾಡುವುದು ನಡುವಿನ ಸಣ್ಣ ಸದ್ದೊಂದೇ, ಅದು ಮಾಸ್ಕಿನಲ್ಲಿ ಸುಲಭವಾಗಿ ಮಸುಕಾಗುತ್ತದೆ. ಟೋಕನ್ ಸಂಖ್ಯೆ, ಬಿಲ್ಲಿನ ಮೊತ್ತ, ಮಾತ್ರೆಯ ಲೆಕ್ಕ ಇವನ್ನು ಹೇಳುವುದರ ಜೊತೆಗೆ ದಪ್ಪ ಅಕ್ಷರದಲ್ಲಿ ಬರೆದು ತೋರಿಸಿ. ಬೆರಳಿನಲ್ಲೂ ತೋರಿಸಬಹುದು.

ಕೇಳಿಸಲಿಲ್ಲವೆಂದು ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಮಾತನಾಡಬೇಡಿ. ಅದರಿಂದ ಮಾಸ್ಕ್ ಹಾಕಿದ ಉದ್ದೇಶವೇ ಕೆಡುತ್ತದೆ, ಮುಟ್ಟಿದ ಕೈಯೂ ತೊಳೆಯಬೇಕಾಗುತ್ತದೆ. ಎರಡು ಸಲ ಹೇಳಿಯೂ ತಿಳಿಯದಿದ್ದರೆ ಮೂರನೆಯ ಸಲ ಅದೇ ವಾಕ್ಯವನ್ನು ಜೋರಾಗಿ ಹೇಳುವುದು ಬೇಡ, ಬೇರೆ ಪದಗಳಲ್ಲಿ ಹೇಳಿ. ‘ಉಪವಾಸ ಬರಬೇಕು’ ತಿಳಿಯದಿದ್ದರೆ ‘ನಾಳೆ ಬೆಳಿಗ್ಗೆ ತಿಂಡಿ, ಚಹಾ ಏನೂ ಬೇಡ, ಹಾಗೆಯೇ ಬನ್ನಿ’ ಎನ್ನಿ.

ಕಣ್ಣಿನಿಂದ ನಗುತ್ತಾ ಮಾತನಾಡಿದರೆ ದನಿಯೂ ಬದಲಾಗುತ್ತದೆ. ತುಟಿ ಅಗಲವಾದಾಗ ಸ್ವರ ತಿಳಿಯಾಗಿ ಹೊರಡುತ್ತದೆ. ಫೋನಿನಲ್ಲಿ ಎದುರಿನವರು ನಗುತ್ತಿದ್ದಾರೆಂದು ಮುಖ ನೋಡದೆ ನಮಗೆ ತಿಳಿಯುವುದಿಲ್ಲವೇ? ಹಾಗೆ.

ಹಂತ 7: ಮುಖ ಹೇಳುತ್ತಿದ್ದುದನ್ನು ಬಾಯಿ ಹೇಳಲಿ

ಮಾಸ್ಕ್ ಇಲ್ಲದಿದ್ದಾಗ ಮುಗುಳ್ನಗೆಯಲ್ಲಿ ಮುಗಿಯುತ್ತಿದ್ದ ಎಷ್ಟೋ ವಿಷಯಗಳನ್ನು ಈಗ ಮಾತಿನಲ್ಲಿ ಹೇಳಬೇಕು. ‘ಗಡಿಬಿಡಿ ಬೇಡ, ನಿಧಾನವಾಗಿ ತೆಗೆಯಿರಿ’, ‘ರಿಪೋರ್ಟ್ ಚೆನ್ನಾಗಿಯೇ ಬಂದಿದೆಯಲ್ಲ, ನನಗೂ ಸಂತೋಷವಾಯಿತು’, ‘ಬಹಳ ಹೊತ್ತು ಕಾಯಿಸಿದೆವು, ಬೇಸರ ಮಾಡಿಕೊಳ್ಳಬೇಡಿ.’ ಮೊದಲಿಗೆ ಇದು ಅತಿಯಾಯಿತೇನೋ ಅನಿಸುತ್ತದೆ. ಕೇಳುವವರಿಗೆ ಹಾಗೆ ಅನಿಸುವುದಿಲ್ಲ.

ಕರೆಯುವ ಪದವೂ ನಗುವಿನ ಒಂದು ಭಾಗ. ‘ಟೋಕನ್ ನಲವತ್ತೆರಡು’ ಎಂದು ಕರೆದ ಕೂಡಲೇ ಮುಂದಿನ ಮಾತು ‘ಬನ್ನಿ ಅಮ್ಮ’, ‘ಕೂತುಕೊಳ್ಳಿ ಅಜ್ಜ’, ‘ಹೇಳಿ ಅಣ್ಣ’ ಎಂದಿರಲಿ. ನಮ್ಮ ಸರದಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳಂ, ಕುಂದಾಪುರದ ಕನ್ನಡ ಎಲ್ಲವೂ ನಿಂತಿರುತ್ತವೆ. ತುಳುವಿನ ಅಜ್ಜಿಗೆ ‘ಬಲೆ ಅಮ್ಮ, ಕುಲ್ಲುಲೆ’ (ಬನ್ನಿ ಅಮ್ಮ, ಕೂತುಕೊಳ್ಳಿ) ಎಂಬ ಎರಡು ಮಾತು ಸಾಕು, ಮುಂದಿನ ಮಾತು ಕನ್ನಡದಲ್ಲಿದ್ದರೂ ಅವರ ಬಿಗಿದ ಭುಜ ಸಡಿಲವಾಗುತ್ತದೆ. ಪ್ರತಿ ಭಾಷೆಯಲ್ಲೂ ಬನ್ನಿ, ಕೂತುಕೊಳ್ಳಿ, ಹೆದರಬೇಡಿ ಎಂಬ ಮೂರನ್ನು ಜೊತೆಯವರಿಂದ ಕೇಳಿ ಕಲಿತುಕೊಳ್ಳಿ. ಉಚ್ಚಾರ ಕೆಟ್ಟರೂ ಚಿಂತೆಯಿಲ್ಲ.

ಹಂತ 8: ಎಲ್ಲವನ್ನೂ ಸಾಲಾಗಿ ಜೋಡಿಸುವುದು

ಯಾರೋ ಕಿಟಕಿಗೆ ಬಂದರು. ಕೈಯಲ್ಲಿದ್ದುದನ್ನು ಬಿಡಿ. ಭುಜ ತಿರುಗಿಸಿ. ಅವರ ಕಣ್ಣು ನೋಡಿ, ಒಂದು ಸೆಕೆಂಡು ಸುಮ್ಮನಿರಿ. ಈ ಒಂದು ಸೆಕೆಂಡನ್ನು ಯಾರೂ ಕೊಡುವುದಿಲ್ಲ, ಆದರೆ ಮುಂದಿನದ್ದೆಲ್ಲ ನಿಂತಿರುವುದು ಅದರ ಮೇಲೆ. ಈಗ ಹುಬ್ಬು ಎತ್ತಿ ಇಳಿಸಿ, ಕಣ್ಣಿನಿಂದ ನಗಿ, ತಲೆ ಬಾಗಿಸಿ. ಆಮೇಲೆ ‘ಬನ್ನಿ ಅಮ್ಮ’. ಅವರು ಹೇಳುವುದು ಮುಗಿಯುವವರೆಗೆ ಪರದೆ ನೋಡಬೇಡಿ. ನೋಡಬೇಕಾದಾಗ ಹೇಳಿ ನೋಡಿ. ಕೊನೆಗೆ ಚೀಟಿ ಕೊಡುವಾಗ ಮತ್ತೊಮ್ಮೆ ಕಣ್ಣು ಕೂಡಲಿ. ಒಟ್ಟು ಹತ್ತು ಸೆಕೆಂಡು ಹೆಚ್ಚು ಹಿಡಿಯಬಹುದು. ಅದೇ ಪ್ರಶ್ನೆ ಕೇಳಲು ಅವರು ಎರಡನೆಯ ಸಲ ಸರದಿಗೆ ಬರದೆ ಇರುವುದರಿಂದ ಆ ಸಮಯ ಮರಳಿ ಸಿಗುತ್ತದೆ.

ಪ್ರತ್ಯೇಕ ಎಚ್ಚರ ಬೇಕಾದ ಮೂರು ಸಂದರ್ಭಗಳು

ಮಕ್ಕಳು: ಮಗುವಿನ ಎತ್ತರಕ್ಕೆ ಬಗ್ಗಿ, ಆದರೆ ಹತ್ತಿರ ಹೋಗಬೇಡಿ. ಮೊದಲು ಕೈಯಾಡಿಸಿ, ಆಮೇಲೆ ಮಾತು. ಭಾವಚಿತ್ರ ಇದ್ದರೆ ‘ನೋಡು, ಇದು ನಾನೇ’ ಎಂದು ತೋರಿಸಿ. ಮಗು ತಾಯಿಯ ಸೆರಗಿನ ಹಿಂದೆ ಹೋದರೆ ಬಲವಂತ ಬೇಡ. ತಾಯಿಯೊಡನೆ ಒಂದು ನಿಮಿಷ ಮೃದುವಾಗಿ ಮಾತನಾಡಿ, ಮಗು ತಾನೇ ಇಣುಕುತ್ತದೆ.

ಕಿವಿ ಮಂದವಿರುವವರು: ಇವರಲ್ಲಿ ಬಹಳ ಮಂದಿ ತಮಗೇ ಗೊತ್ತಿಲ್ಲದಂತೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿರುತ್ತಾರೆ. ಮಾಸ್ಕ್ ಬಂದರೆ ಅವರ ಅರ್ಧ ಕಿವಿ ಹೋದಂತೆ. ಬರವಣಿಗೆಯೇ ಮೊದಲ ದಾರಿ. ಬಾಯಿ ಕಾಣುವ ಪಾರದರ್ಶಕ ಕಿಟಕಿಯ ಮಾಸ್ಕ್ ತುಟಿ ಓದಲು ನೆರವಾಗುತ್ತದೆ, ಆದರೆ ಅದು ಶಬ್ದವನ್ನು ಬಟ್ಟೆಯ ಮಾಸ್ಕಿಗಿಂತ ಹೆಚ್ಚು ತಡೆಯುತ್ತದೆ, ನಮ್ಮ ಸೆಕೆಗೆ ಬೇಗ ಮಂಜಾಗುತ್ತದೆ. ಎಲ್ಲರಿಗೂ ಅದನ್ನೇ ಹಾಕುವುದರಲ್ಲಿ ಅರ್ಥವಿಲ್ಲ, ಬೇಕಾದಾಗ ಕೈಗೆ ಸಿಗುವಂತೆ ಒಂದು ಇರಲಿ.

ಕೆಟ್ಟ ಸುದ್ದಿ: ಹಾಸಿಗೆ ಖಾಲಿ ಇಲ್ಲ, ವೈದ್ಯರು ಇವತ್ತು ಬರುವುದಿಲ್ಲ, ಇನ್ನಷ್ಟು ಹಣ ಕಟ್ಟಬೇಕು. ಇಲ್ಲಿ ಅಭ್ಯಾಸದ ನಗು ಬರಲೇಬಾರದು. ಅಭ್ಯಾಸ ಚೆನ್ನಾಗಿ ಆದವರೇ ಇಲ್ಲಿ ತಪ್ಪುತ್ತಾರೆ, ಏಕೆಂದರೆ ಕಣ್ಣು ತಾನಾಗಿ ನಗುತ್ತದೆ. ಹುಬ್ಬಿನ ಒಳಕೊನೆಗಳನ್ನು ಸ್ವಲ್ಪ ಮೇಲಕ್ಕೆತ್ತಿ, ದನಿ ಇಳಿಸಿ, ಹೇಳಿ ಮುಗಿದ ಮೇಲೆ ಅವರು ಮಾತನಾಡುವವರೆಗೆ ಕಾಯಿರಿ. ಆ ಹೊತ್ತಿನಲ್ಲಿ ಹಿಂದಿನವರನ್ನು ‘ಮುಂದೆ ಬನ್ನಿ’ ಎಂದು ಕರೆಯಬೇಡಿ.

ಎಡವುತ್ತಿದ್ದೀರಿ ಎಂದು ತಿಳಿಸುವ ಗುರುತುಗಳು

ಎದುರಿನವರು ಕಿವಿಯನ್ನು ಗಾಜಿನ ಹತ್ತಿರ ತಂದರೆ ನಿಮ್ಮ ಉಚ್ಚಾರ ಮಸುಕಾಗಿದೆ, ಮಾಸ್ಕ್ ಒದ್ದೆಯಾಗಿದೆಯೇ ನೋಡಿಕೊಳ್ಳಿ. ನೀವು ಕೇಳಿದ್ದು ಪ್ರಶ್ನೆ, ಅವರು ಕೊಟ್ಟದ್ದು ಬರೀ ‘ಹ್ಞಾಂ, ಹ್ಞಾಂ’ ಎಂದಾದರೆ ಅವರಿಗೆ ಏನೂ ತಿಳಿದಿಲ್ಲ. ಕರಾವಳಿಯ ಹಿರಿಯರು ಸಂಕೋಚದಿಂದ ಇನ್ನೊಮ್ಮೆ ಕೇಳುವುದಿಲ್ಲ, ಹೊರಗೆ ಹೋಗಿ ಕಾವಲುಗಾರರನ್ನು ಕೇಳುತ್ತಾರೆ. ನಿಮ್ಮ ಕೌಂಟರಿನಿಂದ ಹೋದವರು ಕಾವಲುಗಾರರ ಬಳಿ ಚೀಟಿ ಹಿಡಿದು ನಿಂತರೆ ಅದು ನಿಮ್ಮ ಪಾಲಿನ ದೂರು ಎಂದೇ ತಿಳಿಯಿರಿ. ದಿನದ ಕೊನೆಗೆ ‘ಇವತ್ತು ಎಷ್ಟು ಮಂದಿ ಬಂದು ಕೇಳಿದರು?’ ಎಂದು ಅವರಲ್ಲಿ ವಿಚಾರಿಸಿ.

ಎದುರಿನವರ ದನಿ ಏರುತ್ತಿದ್ದರೆ ನಿಮ್ಮದು ಮೊದಲೇ ಏರಿರುತ್ತದೆ. ಸಂಜೆಗೆ ನಿಮ್ಮ ಹಣೆ ನೋಯುತ್ತಿದ್ದರೆ ಹುಬ್ಬು ಇಡೀ ದಿನ ಗಂಟಾಗಿತ್ತು. ಗಂಟಲು ಒಣಗಿ ಕೆರೆತ ಬಂದಿದ್ದರೆ ನೀವು ಕೂಗುತ್ತಿದ್ದಿರಿ. ನೀರು ಕುಡಿಯಲು ಮಾಸ್ಕ್ ತೆಗೆಯಬೇಕೆಂದು ನೀರನ್ನೇ ಬಿಡುವವರು ಬಹಳ, ಅದು ಕೂಡದು. ಒಳಗೆ ಹೋಗಿ ಕುಡಿದು ಬನ್ನಿ.

ಕೊನೆಯ ಪರೀಕ್ಷೆ

ಎರಡನೆಯ ವಾರದ ಕೊನೆಗೆ ಸಹೋದ್ಯೋಗಿಯನ್ನು ಕಿಟಕಿಯ ಆಚೆ ನಿಲ್ಲಿಸಿ. ಐದು ಚೀಟಿಗಳಲ್ಲಿ ಸ್ವಾಗತ, ಅನುಕಂಪ, ಸಂದೇಹ, ಒಪ್ಪಿಗೆ, ಓದುತ್ತಿರುವ ಗಮನ ಎಂದು ಬರೆದು ಮಡಚಿ ಕಲಸಿ. ಒಂದೊಂದಾಗಿ ತೆಗೆದು, ಮಾತಿಲ್ಲದೆ ಮಾಸ್ಕ್ ಹಾಕಿಕೊಂಡೇ ತೋರಿಸಿ. ಅವರು ಕಂಡದ್ದನ್ನು ಬರೆದುಕೊಳ್ಳಲಿ. ಐದರಲ್ಲಿ ನಾಲ್ಕು ಹೊಂದಿದರೆ ಕೌಂಟರಿಗೆ ಕೂರಬಹುದು. ಸ್ವಾಗತವನ್ನು ಸಂದೇಹ ಎಂದು ಬರೆದಿದ್ದರೆ ಹುಬ್ಬು ಮೇಲೆ ನಿಂತುಬಿಟ್ಟಿದೆ, ಹಂತ 4ಕ್ಕೆ ಮರಳಿ. ಅನುಕಂಪವನ್ನು ಸ್ವಾಗತ ಎಂದು ಬರೆದಿದ್ದರೆ ಕಣ್ಣು ಅನಗತ್ಯವಾಗಿ ನಗುತ್ತಿದೆ. ಗಮನವನ್ನು ಸಿಟ್ಟು ಎಂದು ಬರೆದಿದ್ದರೆ ಗಾಬರಿ ಬೇಡ, ಹೆಚ್ಚಿನವರಿಗೆ ಹಾಗೆಯೇ ಬರುತ್ತದೆ. ‘ಓದುತ್ತಿದ್ದೇನೆ’ ಎಂಬ ಮಾತನ್ನು ಬಿಡದೆ ಬಳಸಿ.

ಇದೇ ಪರೀಕ್ಷೆಯನ್ನು ಜೂನ್‌ನಲ್ಲಿ ಇನ್ನೊಮ್ಮೆ ಮಾಡಿ. ಮಳೆ ಹಿಡಿದು ಹಗಲೇ ಕತ್ತಲಾದಾಗ ಕಿಟಕಿಯ ಬೆಳಕು ಹೋಗಿ ಟ್ಯೂಬ್‌ಲೈಟೊಂದೇ ಉಳಿಯುತ್ತದೆ, ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಕಂಡ ಕಣ್ಣಿನ ಗೆರೆಗಳು ಆಗ ಕಾಣದಿರಬಹುದು. ಹಾಗಾದರೆ ಕುರ್ಚಿಯ ಜಾಗವನ್ನು ಮತ್ತೆ ಹುಡುಕಿ.